ಗಿಟಾರಿನ ವಾಲ್ವು ವರ್ಧಕ ಮತ್ತು ಅದರ ನಾದದ ತಿದ್ದುಪಡಿ

ಸಂಗೀತವನ್ನು ಕೇಳುವುದಕ್ಕಾಗಿ ಬಳಸುವ ವರ್ಧಕಕ್ಕೂ ಸಂಗೀತವನ್ನು ನುಡಿಸುವುದಕ್ಕಾಗಿ ಬಳಸುವ ವರ್ಧಕಕ್ಕೂ ಹೊರನೋಟಕ್ಕೆ ಹೆಚ್ಚಿನ ಭೇದವಿಲ್ಲ. ಎರಡರಲ್ಲಿಯೂ ಅವೇ ವಾಲ್ವುಗಳು, ಅವೇ ರೋಧಕಗಳು, ಅವೇ ಧಾರಕಗಳು. ಧಾರಕವೆಂದರೆ ರೇಡಿಯೋ ದುರಸ್ತಿಯ ಅಂಗಡಿಯವರು ಕಂಡೆನ್ಸರ್ ಎಂದು ಕರೆಯುವ ವಸ್ತು. ಆದರೆ ಇವೆರಡರ ಧರ್ಮ ಬೇರೆ ಬೇರೆ. ರೇಡಿಯೋ ಅಥವಾ ಗ್ರಾಮಾಫೋನಿನ ವರ್ಧಕ ತನಗೆ ಕೊಟ್ಟುದನ್ನು ಹಿಗ್ಗಿಸಬೇಕೇ ಹೊರತು ತನ್ನದೆಂಬುದನ್ನು ಏನೂ ಸೇರಿಸಬಾರದು. ವಿದ್ಯುತ್ ಗಿಟಾರಿನ ವರ್ಧಕವಾದರೋ ವಾದ್ಯದ ಒಂದು ಅಂಗ. ವೀಣೆಗೆ ಕೊಡ ಹೇಗೋ ಈ ಗಿಟಾರಿಗೆ ವರ್ಧಕ ಹಾಗೆ. ಆದುದರಿಂದ ಇಂತಹ ವರ್ಧಕದ ನಾದವನ್ನು ಉತ್ತಮಪಡಿಸುವುದೆಂದರೆ ಅಲೆಯ ವಿಕೃತಿಯನ್ನು ಸಂಪೂರ್ಣವಾಗಿ ತೊಡೆದುಹಾಕುವುದೆಂದು ಭಾವಿಸಿದರೆ ದಾರಿ ತಪ್ಪಿದಂತಾಗುವುದು. ಯಾವ ಸ್ವರ, ಎಷ್ಟು ಪ್ರಮಾಣದಲ್ಲಿ, ಯಾವ ಹಂತದಲ್ಲಿ ವಿಕಾರಗೊಳ್ಳಬೇಕು ಎಂಬುದೇ ಇಲ್ಲಿಯ ಪ್ರಶ್ನೆ. ಈ ಪ್ರಶ್ನೆಗೆ ಓಮನ ನಿಯಮವನ್ನು ಬಲ್ಲ ವಿದ್ಯಾರ್ಥಿ ಕಾಗದ ಪೆನ್ಸಿಲುಗಳಿಂದಲೇ ಬಹುಮಟ್ಟಿಗೆ ಉತ್ತರ ಪಡೆಯಬಹುದೆಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

ವಾಲ್ವಿನ ರಚನೆಯನ್ನು ಸಂಕ್ಷೇಪವಾಗಿ ನೆನೆಯೋಣ. ಗಾಳಿಯನ್ನು ತೆಗೆದ ಗಾಜಿನ ಬುರುಡೆಯೊಳಗೆ ಕಾದ ಋಣಾಗ್ರವೊಂದಿದೆ. ಅದರಿಂದ ಚಿಮ್ಮಿದ ಎಲೆಕ್ಟ್ರಾನುಗಳು ನೂರಾರು ವೋಲ್ಟುಗಳ ಧನಾಗ್ರದ ಕಡೆಗೆ ಧಾವಿಸುತ್ತವೆ. 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ಮಾಡಿದ ವಾಲ್ವಿನಲ್ಲಿ ಇದ್ದುದು ಇಷ್ಟೆ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಇವೆರಡರ ನಡುವೆ ಮೂರನೆಯದೊಂದನ್ನು, ಅಂದರೆ ಜಾಲಕವನ್ನು, ತಂದಿರಿಸಿದನು. ಕೆರೆಯ ತೂಬನ್ನು ಒಬ್ಬ ಮನುಷ್ಯ ಒಂದಿಷ್ಟು ಎತ್ತಿ ಇಳಿಸಿದರೆ ಕಾಲುವೆಯ ನೀರೆಲ್ಲ ಹೆಚ್ಚು ಕಡಿಮೆಯಾಗುವಂತೆ, ಜಾಲಕದ ವಿಭವವನ್ನು ಅಲ್ಪಸ್ವಲ್ಪ ಬದಲಾಯಿಸಿದರೆ ಧನಾಗ್ರದ ಪ್ರವಾಹ ಬಹಳವಾಗಿ ಬದಲಾಗುವುದು. ವರ್ಧನೆಯ ಗುಟ್ಟು ಇದು. ತೂಬನ್ನು ಪೂರ್ತಿ ಮುಚ್ಚಿದ ಮೇಲೆ ಇನ್ನೂ ಮುಚ್ಚಲಾಗದು. ಪೂರ್ತಿ ತೆರೆದ ಮೇಲೆ ಇನ್ನೂ ತೆರೆಯಲಾಗದು. ಈ ಎರಡು ಎಲ್ಲೆಗಳ ಸಮೀಪದಲ್ಲಿ ಅಲೆಯ ತಲೆ ಚಪ್ಪಟೆಯಾಗುವುದು. ವಿಕೃತಿಯೆಂದು ನಾವು ಕರೆಯುವುದು ಇದನ್ನೇ.

ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1960ರ ದಶಕದಲ್ಲಿ ರೇಡಿಯೋಗಳಿಗೆ ಬೇಕಾದ ವಾಲ್ವುಗಳನ್ನು ತಯಾರಿಸುತ್ತಿತ್ತು. ಟ್ರಾನ್ಸಿಸ್ಟರು ಬಂದ ಮೇಲೆ ಮನೆಯ ರೇಡಿಯೋಗಳಿಂದ ವಾಲ್ವು ಮರೆಯಾಯಿತು. ಗಿಟಾರಿನ ವರ್ಧಕದಲ್ಲಿ ಮಾತ್ರ ಅದು ಇನ್ನೂ ಉಳಿದಿದೆ. ಅದಕ್ಕೆ ಕಾರಣ ಮೇಲೆ ಹೇಳಿದ ಎಲ್ಲೆಗಳನ್ನು ಅದು ಮುಟ್ಟುವ ರೀತಿ.

ಚಪ್ಪಟೆಯಾದ ಅಲೆ ಕಿವಿಗೆ ಹೇಗೆ ಕೇಳಿಸುತ್ತದೆ? ಶುದ್ಧವಾದ ಅಲೆಯೊಂದರ ಆಕಾರ ಕೆಟ್ಟಾಗ ಮೂಲ ಕಂಪನದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಉಪಸ್ವರಗಳು ಹುಟ್ಟುತ್ತವೆ. ಮೂಲವನ್ನು ಷಡ್ಜವೆಂದುಕೊಂಡರೆ ಎರಡರಷ್ಟು ವೇಗದ್ದು ತಾರ ಷಡ್ಜ, ಮೂರರಷ್ಟರದ್ದು ತಾರಸ್ಥಾಯಿಯ ಪಂಚಮ, ಐದರಷ್ಟರದ್ದು ಅದಕ್ಕೂ ಮೇಲಿನ ಸ್ಥಾಯಿಯ ಅಂತರ ಗಾಂಧಾರ. ಚೆನ್ನಾಗಿ ಶ್ರುತಿಗೂಡಿಸಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಬರುವುದನ್ನು ಸಂಗೀತಾಭ್ಯಾಸಿಗಳು ಬಲ್ಲರು. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ನೂಲಿನ ಎಳೆಯನ್ನಿಟ್ಟು ಸರಿಹೊಂದಿಸುವುದೂ ಈ ಉಪಸ್ವರಗಳನ್ನು ಎಬ್ಬಿಸುವುದಕ್ಕಾಗಿಯೇ. ಸಿ. ವಿ. ರಾಮನ್ನರು 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತಂಬೂರಿ ವೀಣೆಗಳ ಈ ಗುಣವನ್ನು ವಿವೇಚಿಸಿದ್ದಾರೆ. ಗಿಟಾರು ವಾದಕನು ವಾಲ್ವಿನಿಂದ ಬಯಸುವುದೂ ಬಹುಮಟ್ಟಿಗೆ ಇದೇ ಸಿರಿಯನ್ನು.

ಆದರೆ ಇಲ್ಲೊಂದು ತೊಡಕಿದೆ. ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದಾಗ ವಿಕಾರಗೊಳಿಸುವ ವಾಲ್ವು ಅವುಗಳ ಮೊತ್ತ ಮತ್ತು ವ್ಯತ್ಯಾಸಗಳ ಕಂಪನಗಳನ್ನೂ ಹುಟ್ಟಿಸುವುದು. ಗಿಟಾರಿನ ಐದನೆಯ ತಂತಿ ಸೆಕೆಂಡಿಗೆ 110 ಸಲ ಕಂಪಿಸುತ್ತದೆ. ಅದರೊಡನೆ ಅದರ ಪಂಚಮವಾದ 164.8ನ್ನು ನುಡಿಸಿದರೆ ವ್ಯತ್ಯಾಸ 54.8, ಇದು 110ರ ಕೆಳಗಿನ ಸ್ಥಾಯಿಗೆ, ಅಂದರೆ 55ಕ್ಕೆ, ಬಹುಸಮೀಪ. ಕಿವಿಗೆ ಹಿತ. ಪಂಚಮದ ಬದಲು ಗಾಂಧಾರವನ್ನು, ಅಂದರೆ ಗಿಟಾರಿನ ಮೆಟ್ಟಿಲುಗಳಲ್ಲಿ ದೊರೆಯುವ 138.6ನ್ನು, ನುಡಿಸಿದರೆ ವ್ಯತ್ಯಾಸ 28.6. ಶ್ರುತಿಗೆ ಹೊಂದಬೇಕಾದದ್ದು 27.5. ಹೊಂದದ ಈ ಗೊಣಗು ತಂತಿಗಳು ಹೆಚ್ಚಿದಂತೆಲ್ಲ ಹೆಚ್ಚಿ, ಕೊನೆಗೆ ಕೆಸರನ್ನು ಕಲಕಿದಂತಹ ಸದ್ದಾಗುವುದು. ಮಂದ್ರ ಸ್ವರಗಳ ಅಲೆಗಳು ದೊಡ್ಡವಾದುದರಿಂದ ವಾಲ್ವನ್ನು ಎಲ್ಲೆಗೆ ನೂಕುವವು ಅವೇ. ಒಳ್ಳೆಯ ತಿದ್ದುಪಡಿಗಳಲ್ಲಿ ಹಲವು, ಈ ಮಂದ್ರವನ್ನು ವಾಲ್ವು ತಲುಪುವ ಮೊದಲೇ ಎಷ್ಟು ತಡೆಯಬೇಕೆಂಬ ಒಂದೇ ವಿಚಾರದ ಬೇರೆ ಬೇರೆ ರೂಪಗಳು. ವಿಕೃತಿಯಾದ ಮೇಲೆ ಮಂದ್ರವನ್ನು ತಗ್ಗಿಸುವುದರಿಂದ ಇದೇ ಫಲ ದೊರೆಯುವುದಿಲ್ಲ. ಆ ವೇಳೆಗೆ ಕೆಸರು ಬೆರೆತುಹೋಗಿರುತ್ತದೆ.

ಈಗ ನಿಜವಾದ ಒಂದು ಯಂತ್ರವನ್ನು ತೆಗೆದುಕೊಳ್ಳೋಣ. ಕ್ಯಾಲಿಫೋರ್ನಿಯದ ಫುಲರ್ಟನ್ ಪಟ್ಟಣದಲ್ಲಿ ಲಿಯೋ ಫೆಂಡರ್ ಸ್ಥಾಪಿಸಿದ ಸಂಸ್ಥೆ 1950ರ ದಶಕದ ಉತ್ತರಾರ್ಧದಲ್ಲಿ ತಯಾರಿಸಿದ, 5ಎಫ್1 ಎಂಬ ಸಂಕೇತದ ‘ಚಾಂಪ್’ ವರ್ಧಕ ಅದು. ಕಲಿಯುವವರಿಗೆ ಇದಕ್ಕಿಂತ ಸರಳವಾದುದು ದೊರೆಯಲಾರದು. ಇರುವುದು ಮೂರೇ ವಾಲ್ವು. 12ಎಎಕ್ಸ್7 ಎಂಬುದು ಒಂದೇ ಬುರುಡೆಯಲ್ಲಿ ಎರಡು ವಾಲ್ವುಗಳನ್ನು ಅಡಗಿಸಿಕೊಂಡಿದೆ. ಯೂರೋಪಿನಲ್ಲಿ ಇದಕ್ಕೆ ಇಸಿಸಿ83 ಎಂದು ಹೆಸರು. 6ವಿ6 ಧ್ವನಿವರ್ಧಕಕ್ಕೆ ಬೇಕಾದ ಶಕ್ತಿಯನ್ನು ಒದಗಿಸುತ್ತದೆ. 5ವೈ3 ಮನೆಯ ಪರ್ಯಾಯ ವಿದ್ಯುತ್ತನ್ನು ಏಕಮುಖಗೊಳಿಸುತ್ತದೆ. ತಿರುಗಿಸಲು ಇರುವ ಗುಂಡಿ ಒಂದೇ, ಸದ್ದಿನದು. ಧ್ವನಿವರ್ಧಕ 8 ಅಂಗುಲದ್ದು. ಶಕ್ತಿ ಸುಮಾರು 5 ವ್ಯಾಟ್. ಗಿಟಾರಿನ ಸಂಕೇತ ಮೊದಲನೆಯ ಅರ್ಧವಾಲ್ವಿನಲ್ಲಿ ಹಿಗ್ಗಿ, ಸದ್ದಿನ ಗುಂಡಿಯನ್ನು ದಾಟಿ, ಎರಡನೆಯ ಅರ್ಧದಲ್ಲಿ ಮತ್ತೆ ಹಿಗ್ಗಿ, 6ವಿ6ನ ಜಾಲಕವನ್ನು ಸೇರುವುದು.

ಮುಚ್ಚಳವನ್ನು ತೆರೆಯುವ ಮುನ್ನ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ಪುಟ್ಟ ಪೆಟ್ಟಿಗೆಯೊಳಗೆ 300 ವೋಲ್ಟಿಗೂ ಮಿಕ್ಕ ವಿಭವವಿದೆ. ಟಾರ್ಚು ಸೆಲ್ಲಿನ ಉಪಕರಣಗಳಲ್ಲಿ ಕೈಯಾಡಿಸಿ ಅಭ್ಯಾಸವಾದವರಿಗೆ ಇದರ ಕಲ್ಪನೆ ಇರುವುದಿಲ್ಲ. ಪ್ಲಗ್ಗನ್ನು ಕಿತ್ತಮಾತ್ರಕ್ಕೆ ಅಪಾಯ ಕಳೆಯದು. ವಿದ್ಯುತ್ತನ್ನು ಸೋಸುವ ದೊಡ್ಡ ಧಾರಕಗಳು ತಮ್ಮ ಆವೇಶವನ್ನು ಬಹುಕಾಲ ಹಿಡಿದಿಟ್ಟಿರಬಲ್ಲವು, ಮತ್ತು ಅದು ಪ್ರಾಣಾಂತಿಕವಾಗಬಲ್ಲದು. ಪ್ಲಗ್ಗನ್ನು ಕಿತ್ತ ಬಳಿಕ 10,000 ಓಮಿನ, 5 ವ್ಯಾಟಿಗೆ ಕಡಮೆಯಿಲ್ಲದ ರೋಧಕವನ್ನು ಹೊದಿಕೆಯುಳ್ಳ ಕ್ಲಿಪ್ಪುಗಳಿಂದ ಧಾರಕದ ಎರಡು ತುದಿಗಳಿಗೆ ಅರ್ಧ ನಿಮಿಷ ಸೇರಿಸಿಟ್ಟು, ಅನಂತರ ಪ್ರತಿಯೊಂದು ಧಾರಕವನ್ನೂ ಮೀಟರಿನಿಂದ ಅಳೆದು ನೋಡಬೇಕು. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸಿ ಖಾಲಿಮಾಡುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ. ವಿದ್ಯುತ್ತು ಹರಿಯುತ್ತಿರುವಾಗಲೇ ಅಳೆಯಬೇಕಾದ ಪ್ರಸಂಗದಲ್ಲಿ ಎಡಗೈ ಜೇಬಿನಲ್ಲಿರಲಿ. ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೂಲಕ ಪ್ರವಾಹ ಹರಿಯುವ ದಾರಿ ಆಗ ಇರುವುದಿಲ್ಲ. ಇದರಲ್ಲಿ ಪಳಗದ ವಿದ್ಯಾರ್ಥಿಗಳು ಅನುಭವಿಗಳಾದ ದುರಸ್ತಿಗಾರರನ್ನು ಪಕ್ಕದಲ್ಲಿರಿಸಿಕೊಂಡಲ್ಲದೆ ಕೆಲಸಕ್ಕೆ ತೊಡಗಬಾರದು. ಹಳೆಯ ಯಂತ್ರಗಳಲ್ಲಿ ಎರಡೇ ಎಳೆಯ ವಯರಿರುವುದು ಸಾಮಾನ್ಯ. ಅದನ್ನು ತೆಗೆದು, ಭೂಮಿಗೆ ಸೇರುವ ಮೂರನೆಯ ಎಳೆಯನ್ನು ಲೋಹದ ತಟ್ಟೆಗೆ ಭದ್ರವಾಗಿ ಕೂಡಿಸುವುದೇ ಎಲ್ಲಕ್ಕಿಂತ ಮೊದಲಿನ ತಿದ್ದುಪಡಿ. ಇದರಿಂದ ನಾದ ಬದಲಾಗದು, ನುಡಿಸುವವನು ಬದುಕಿರುತ್ತಾನೆ. ಅಮೆರಿಕದ ಯಂತ್ರ 110–120 ವೋಲ್ಟಿಗೆ ಮಾಡಿದ್ದಾದರೆ ನಮ್ಮ 230 ವೋಲ್ಟನ್ನು ಟ್ರಾನ್ಸ್‌ಫಾರ್ಮರಿನಿಂದ ಇಳಿಸಿಕೊಳ್ಳಬೇಕೆಂಬುದೂ ನೆನಪಿರಲಿ.

ಇನ್ನು ಲೆಕ್ಕಕ್ಕೆ ಬರೋಣ. 12ಎಎಕ್ಸ್7ನ ಒಂದು ಅರ್ಧದ ವರ್ಧನಾಂಕ 100, ಒಳರೋಧ ಸುಮಾರು 62,500 ಓಮ್. ಚಾಂಪ್ ಯಂತ್ರದಲ್ಲಿ ಧನಾಗ್ರಕ್ಕೆ 1 ಲಕ್ಷ ಓಮಿನ ರೋಧಕವಿದ್ದು, ಅದರಾಚೆಗೆ ಸದ್ದಿನ ಗುಂಡಿಯ 10 ಲಕ್ಷ ಓಮ್ ಇದೆ. ಅಲೆಯ ದೃಷ್ಟಿಯಿಂದ ಇವೆರಡೂ ಸಮಾಂತರವಾದುದರಿಂದ ಹೊರರೋಧ ಸುಮಾರು 91,000 ಓಮ್. ವರ್ಧನಾಂಕವನ್ನು ಹೊರರೋಧದಿಂದ ಗುಣಿಸಿ, ಒಳ ಹೊರ ರೋಧಗಳ ಮೊತ್ತದಿಂದ ಭಾಗಿಸಿದರೆ 59 ಬರುವುದು. ಆದರೆ ಈ ಯಂತ್ರದಲ್ಲಿ ವರ್ಧನೆ ಅಷ್ಟಿಲ್ಲ. ಋಣಾಗ್ರದ ಕೆಳಗೆ 1,500 ಓಮಿನ ಒಂದು ರೋಧಕವಿದೆ. ಜಾಲಕವು ಋಣಾಗ್ರಕ್ಕಿಂತ ಒಂದೂವರೆ ವೋಲ್ಟಿನಷ್ಟು ಕೆಳಗಿರುವಂತೆ ಮಾಡುವುದು ಅದರ ಕೆಲಸ. ಪ್ರವಾಹ ಹೆಚ್ಚಿದಾಗ ಇದರ ಮೇಲಿನ ವಿಭವವೂ ಹೆಚ್ಚಿ, ಜಾಲಕದ ಪ್ರಯತ್ನವನ್ನು ತಾನೇ ವಿರೋಧಿಸುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯಬೇಕಾದರೆ ಭಾಜಕಕ್ಕೆ 1,500ರ 101ರಷ್ಟನ್ನು, ಅಂದರೆ 1,51,500ನ್ನು, ಕೂಡಿಸಬೇಕು. ಆಗ ದೊರೆಯುವ ವರ್ಧನೆ ಸುಮಾರು 30.

ಈ ರೋಧಕಕ್ಕೆ ಸಮಾಂತರವಾಗಿ 25 ಮೈಕ್ರೋಫ್ಯಾರಡಿನ ಧಾರಕವೊಂದನ್ನು ಬೆಸೆದರೆ ಅಲೆಗಳು ರೋಧಕವನ್ನು ಬಿಟ್ಟು ಧಾರಕದ ಮೂಲಕ ಹಾಯ್ದುಹೋಗುವುವು. ವರ್ಧನೆ 30ರಿಂದ 59ಕ್ಕೆ ಏರುವುದು. ಕೆಲವೇ ರೂಪಾಯಿಗಳ ವಸ್ತುವಿನಿಂದ ವರ್ಧನೆ ಇಮ್ಮಡಿ! ಹೊಸಬರು ಮೊದಲು ಕೈಹಾಕುವುದು ಇದಕ್ಕೇ. ಆದರೆ ಫಲವೇನು? ಯಂತ್ರ ಇಮ್ಮಡಿ ಗಟ್ಟಿಯಾಗುವುದಿಲ್ಲ. 6ವಿ6 ಕೊಡಬಲ್ಲದ್ದು ಮೊದಲೂ 5 ವ್ಯಾಟ್, ಈಗಲೂ ಅಷ್ಟೆ. ಅದರ ಜಾಲಕ ಋಣಾಗ್ರಕ್ಕಿಂತ ಸುಮಾರು 19 ವೋಲ್ಟ್ ಕೆಳಗಿದೆಯೆನ್ನೋಣ. ಆಗ 19 ವೋಲ್ಟಿನ ಎತ್ತರದ ಅಲೆ ಬಂದರೆ ಅದರ ಎಲ್ಲೆ ಮುಗಿಯಿತು. ಸದ್ದಿನ ಗುಂಡಿಯನ್ನು ಪೂರ್ತಿ ತಿರುಗಿಸಿದಾಗ, ತಿದ್ದದ ಯಂತ್ರದಲ್ಲಿ ಗಿಟಾರಿನಿಂದ ಒಂದು ವೋಲ್ಟಿನ ಇಪ್ಪತ್ತನೆಯ ಒಂದು ಪಾಲು ಬಂದರೆ ಇದು ಸಂಭವಿಸುವುದೆಂದು ನಮ್ಮ ಲೆಕ್ಕಕ್ಕೆ ಸಿಗುತ್ತದೆ. ಧಾರಕವನ್ನು ಹಾಕಿದ ಮೇಲೆ ನಲವತ್ತನೆಯ ಒಂದು ಪಾಲು ಸಾಕು. ವಿಕೃತಿ ಬೇಗ ಆರಂಭವಾಗುವುದು, ಅಷ್ಟೇ. ಅದನ್ನೇ ಬಯಸುವವರಿಗೆ ಇದು ಲಾಭ. ಗುಂಡಿಯನ್ನು ಅರ್ಧ ತಿರುಗಿಸಿ ತಿಳಿಯಾದ ನಾದವನ್ನು ಪಡೆಯುತ್ತಿದ್ದವರಿಗೆ ನಷ್ಟ. 25 ಮೈಕ್ರೋಫ್ಯಾರಡು ಅತಿ ಮಂದ್ರವನ್ನೂ ಬಿಡದೆ ಹಿಗ್ಗಿಸುವುದರಿಂದ ನಾವು ಮೊದಲು ಹೇಳಿದ ಕೆಸರೂ ಹೆಚ್ಚುವುದು.

ಧಾರಕದ ಅಳತೆಯನ್ನು 0.68 ಮೈಕ್ರೋಫ್ಯಾರಡಿಗೆ ಇಳಿಸಿ ನೋಡಿ. ಧಾರಕವು ಶೀಘ್ರ ಕಂಪನಗಳಿಗೆ ಸುಲಭವಾಗಿಯೂ ನಿಧಾನ ಕಂಪನಗಳಿಗೆ ಕಷ್ಟವಾಗಿಯೂ ದಾರಿ ಬಿಡುವ ವಸ್ತು. ಗಿಟಾರಿನ ಅತ್ಯಂತ ದಪ್ಪ ತಂತಿಯ 82 ಕಂಪನಗಳಿಗೆ ವರ್ಧನೆ ಈಗ ಸುಮಾರು 33, ಸೆಕೆಂಡಿಗೆ 310 ಕಂಪನಗಳಿಗೆ 47, ಸಾವಿರಕ್ಕೆ 57. ಮಂದ್ರ ಬಹುತೇಕ ಇದ್ದಲ್ಲೇ ಉಳಿಯಿತು, ಮೇಲಿನ ಸ್ವರಗಳು ಮುಂದೆ ಬಂದವು. ನಮ್ಮ ಅಭಿಪ್ರಾಯದಲ್ಲಿ ಚಾಂಪ್‌ನಂತಹ ಯಂತ್ರಕ್ಕೆ ಮಾಡಬಹುದಾದ ತಿದ್ದುಪಡಿಗಳಲ್ಲಿ ಇದೇ ಅತ್ಯಂತ ಯುಕ್ತವಾದುದು. ಇಷ್ಟವಾಗದಿದ್ದರೆ ಒಂದು ತುದಿಯ ಬೆಸುಗೆಯನ್ನು ಬಿಡಿಸಿದರಾಯಿತು.

ವಾಲ್ವಿನ ಬದಲಾವಣೆಯಿಂದಲೂ ಇಂತಹದೇ ಪರಿಣಾಮವನ್ನು ಸಾಧಿಸಬಹುದೆಂಬುದಕ್ಕೆ ಇತಿಹಾಸದಲ್ಲಿ ಪ್ರಸಿದ್ಧ ದೃಷ್ಟಾಂತವಿದೆ. 1962ರಲ್ಲಿ ಲಂಡನ್ನಿನ ಹ್ಯಾನ್ವೆಲ್‌ನಲ್ಲಿ ವಾದ್ಯಗಳ ಅಂಗಡಿಯಿಟ್ಟಿದ್ದ ಜಿಮ್ ಮಾರ್ಷಲ್, ತನ್ನ ಸಹಾಯಕರಾದ ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಅವರೊಡನೆ ಫೆಂಡರ್ ಸಂಸ್ಥೆಯ ‘ಬ್ಯಾಸ್‌ಮನ್’ ವರ್ಧಕದ ಮಂಡಲವನ್ನು ಹೆಚ್ಚುಕಡಿಮೆ ಹಾಗೆಯೇ ಅನುಸರಿಸಿ ಹೊಸ ಯಂತ್ರವನ್ನು ಕಟ್ಟಿಸಿದನು. ಫೆಂಡರ್ ಯಂತ್ರದ ಮೊದಲ ವಾಲ್ವು 12ಎವೈ7. ಅದರ ವರ್ಧನಾಂಕ 40ರ ಆಸುಪಾಸು. ಮಾರ್ಷಲ್ ಯಂತ್ರದಲ್ಲಿ ಆ ಜಾಗಕ್ಕೆ ಬಂದುದು 100 ವರ್ಧನಾಂಕದ ಇಸಿಸಿ83. ಜೆನ್ಸೆನ್ ಧ್ವನಿವರ್ಧಕಗಳ ಬದಲು ಇಂಗ್ಲೆಂಡಿನದೇ ಆದ ಸೆಲೆಸ್ಟಿಯನ್ ಧ್ವನಿವರ್ಧಕಗಳು ಬಂದವು. ಮಂಡಲ ಒಂದೇ ಆದರೂ ನಾದ ಬೇರೆಯಾಯಿತು. ಜೆಟಿಎಂ45 ಎಂಬ ಆ ಯಂತ್ರ ಒಂದು ವಂಶಕ್ಕೇ ಮೂಲವಾಯಿತು.

ವಾಲ್ವಿನಿಂದ ವಾಲ್ವಿಗೆ ಸಂಕೇತವನ್ನು ದಾಟಿಸುವ ಧಾರಕಗಳೂ ಮಂದ್ರದ ಕಾವಲುಗಾರರೇ. ಚಾಂಪ್‌ನಲ್ಲಿ 6ವಿ6ಗೆ ಮುಂಚೆ ಇರುವುದು 0.02 ಮೈಕ್ರೋಫ್ಯಾರಡಿನದು, ಅದರ ಮುಂದಿನ ರೋಧ 2,20,000 ಓಮ್. ಇವೆರಡರಿಂದ ಸೆಕೆಂಡಿಗೆ 36 ಕಂಪನಗಳಿಗೆ ಕೆಳಗಿನದು ತಗ್ಗುವುದು. 0.005 ಹಾಕಿದರೆ ಆ ಗಡಿ 145ಕ್ಕೆ ಏರುವುದು. 8 ಅಂಗುಲದ ಧ್ವನಿವರ್ಧಕಕ್ಕೆ ಇದು ಹಿತವೆನ್ನುವವರುಂಟು. ನಾದ ಸೊರಗಿತೆನ್ನುವವರೂ ಉಂಟು.

ಮುಂದಿನ ತಿದ್ದುಪಡಿ ಇದಕ್ಕಿಂತ ಸ್ವಾರಸ್ಯವಾದುದು. ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಎಂಬ ತರುಣ ಎಂಜಿನಿಯರು 1927ರ ಆಗಸ್ಟ್ 2ರಂದು ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟಿ ಕೆಲಸಕ್ಕೆ ಹೋಗುತ್ತಿದ್ದಾಗ ಹೊಳೆದ ಉಪಾಯವೊಂದನ್ನು ಕೈಯಲ್ಲಿದ್ದ ವೃತ್ತಪತ್ರಿಕೆಯ ಪುಟದ ಮೇಲೆ ಗೀಚಿಕೊಂಡನು. ವರ್ಧಕದಿಂದ ಹೊರಬಂದುದರ ಒಂದಂಶವನ್ನು ತಿರುಗಿ ಒಳಕ್ಕೆ, ಆದರೆ ವಿರುದ್ಧ ದಿಕ್ಕಿನಲ್ಲಿ, ಕೊಡುವುದೇ ಆ ಉಪಾಯ. ವರ್ಧನೆ ಕಡಮೆಯಾಗುವುದು, ಅದರೊಡನೆ ವಿಕೃತಿಯೂ ಕಡಮೆಯಾಗುವುದು. ಇದಕ್ಕೆ ಋಣ ಪುನರ್ನಿವೇಶವೆಂದು ಹೆಸರಿಡಬಹುದು. ಚಾಂಪ್‌ನಲ್ಲಿ ಧ್ವನಿವರ್ಧಕದಿಂದ 22,000 ಓಮಿನ ರೋಧಕವೊಂದು ಎರಡನೆಯ ಅರ್ಧವಾಲ್ವಿನ ಋಣಾಗ್ರಕ್ಕೆ ಬಂದು ಸೇರುತ್ತದೆ. ಅಲ್ಲಿಯೂ 1,500 ಓಮಿನ ರೋಧಕವಿರುವುದರಿಂದ ಹಿಂದಿರುಗುವ ಅಂಶ 1,500ನ್ನು 23,500ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 0.064. ಇದು ಇಲ್ಲದಾಗ ಆ ಹಂತದಿಂದ ಧ್ವನಿವರ್ಧಕದವರೆಗಿನ ವರ್ಧನೆ ಸುಮಾರು 13 ಎಂದು ಎಣಿಸಬಹುದು. 13ನ್ನು 1 ಮತ್ತು 13×0.064ರ ಮೊತ್ತದಿಂದ ಭಾಗಿಸಿದರೆ 7 ದೊರೆಯುತ್ತದೆ. ಹೀಗಾಗಿ ಆ ರೋಧಕವನ್ನು ಬಿಡಿಸಿದರೆ ವರ್ಧನೆ ಇಮ್ಮಡಿಗೆ ಸಮೀಪವಾಗುವುದು.

ಆದರೆ ಕಿವಿಗೆ ಮುಖ್ಯವಾದುದು ವರ್ಧನೆಯಲ್ಲ, ಎಲ್ಲೆಯನ್ನು ಮುಟ್ಟುವ ಬಗೆ. ಪುನರ್ನಿವೇಶವಿರುವಾಗ ಯಂತ್ರ ಕೊನೆಯವರೆಗೂ ಅಲೆಯನ್ನು ನೆಟ್ಟಗೆ ಹಿಡಿದು, ಎಲ್ಲೆ ಬಂದೊಡನೆ ಕತ್ತರಿಸಿದಂತೆ ನಿಲ್ಲಿಸುವುದು. ಅದಿಲ್ಲದಾಗ ಅಲೆ ಬಹಳ ಮುಂಚಿನಿಂದಲೇ ಮೆಲ್ಲಮೆಲ್ಲನೆ ಬಾಗತೊಡಗುವುದು. ಬೆರಳಿನ ಮಿಡಿತ ಮೃದುವೋ ಬಿರುಸೋ ಎಂಬುದಕ್ಕೆ ನಾದ ಹೆಚ್ಚು ಸ್ಪಂದಿಸುವುದು. ಧ್ವನಿವರ್ಧಕದ ಕಾಗದದ ಶಂಕುವಿನ ಮೇಲಿನ ಹಿಡಿತವೂ ಸಡಿಲವಾಗುವುದರಿಂದ ಕೆಳಗಿನ ಸ್ವರಗಳು ತುಸು ಉಬ್ಬಿ ಕೇಳಿಸುವುವು. ರೋಧಕದ ದಾರಿಯಲ್ಲಿ ಒಂದು ಸ್ವಿಚ್ಚನ್ನಿಟ್ಟರೆ ಎರಡು ಸ್ವಭಾವಗಳೂ ಒಂದೇ ಯಂತ್ರದಲ್ಲಿ ದೊರೆಯುತ್ತವೆ. ಹೊರಗಿನ ಟ್ರಾನ್ಸ್‌ಫಾರ್ಮರನ್ನು ಎಂದಾದರೂ ಬದಲಾಯಿಸಿದಾಗ ಯಂತ್ರ ಒಮ್ಮೆಗೇ ಊಳಿಟ್ಟರೆ ಗಾಬರಿಪಡಬೇಕಾಗಿಲ್ಲ. ತಂತಿಗಳು ಅದಲುಬದಲಾಗಿ ಋಣ ಪುನರ್ನಿವೇಶ ಧನವಾಗಿದೆಯೆಂದು ಅರ್ಥ. ಒಂದು ಜೋಡಿಯನ್ನು ತಿರುಗಿಸಿ ಬೆಸೆದರೆ ಸರಿಹೋಗುವುದು.

6ವಿ6 ವಾಲ್ವಿನ ಆರೋಗ್ಯವನ್ನೂ ನೋಡಬೇಕು. ಅದರ ಋಣಾಗ್ರದ ರೋಧಕ 470 ಓಮ್. ಅದರ ಮೇಲೆ 19 ವೋಲ್ಟ್ ಅಳತೆಗೆ ಬಂದರೆ ಪ್ರವಾಹ ಸುಮಾರು 40 ಮಿಲಿಯಾಂಪಿಯರ್. ಅದರಲ್ಲಿ ಎರಡನ್ನು ವಾಲ್ವಿನ ಎರಡನೆಯ ಜಾಲಕದ ಪಾಲೆಂದು ಕಳೆದರೆ ಧನಾಗ್ರದ್ದು 38. ಧನಾಗ್ರಕ್ಕೂ ಋಣಾಗ್ರಕ್ಕೂ ನಡುವೆ 300 ವೋಲ್ಟಿದ್ದರೆ ವಾಲ್ವಿನಲ್ಲಿ ಶಾಖವಾಗುವ ಶಕ್ತಿ 11.4 ವ್ಯಾಟ್. ಹಳೆಯ ಕೈಪಿಡಿಗಳು ಇದಕ್ಕೆ ವಿಧಿಸಿದ ಮಿತಿ 12. ಅಂಚಿನಲ್ಲಿ ನಡೆಯುತ್ತಿರುವ ಇಂತಹ ವಾಲ್ವಿಗೆ, 5ವೈ3ನ ಬದಲು ಸಿಲಿಕಾನ್ ಡಯೋಡುಗಳನ್ನು ಹಾಕಿ ವಿಭವವನ್ನು ಏರಿಸುವುದು ಅವಿವೇಕ. ಧ್ವನಿವರ್ಧಕವನ್ನು ಕಳಚಿಟ್ಟು ಯಂತ್ರವನ್ನು ನುಡಿಸುವುದೂ ಕೂಡದು. ಹೊರೆಯಿಲ್ಲದ ಟ್ರಾನ್ಸ್‌ಫಾರ್ಮರಿನಲ್ಲಿ ವಿಭವ ಮಿತಿಮೀರಿ ಏರಿ ಅದನ್ನೇ ಸುಡಬಹುದು.

ಧ್ವನಿವರ್ಧಕವನ್ನು ಬದಲಾಯಿಸುವುದರಿಂದ ಆಗುವಷ್ಟು ಮಾರ್ಪಾಟು ಮೇಲಿನ ಯಾವುದರಿಂದಲೂ ಆಗದೆಂದು ಹೇಳಿದರೆ ಬೆಸುಗೆಯಲ್ಲಿ ಆಸಕ್ತಿಯುಳ್ಳವರಿಗೆ ನಿರಾಶೆಯಾದೀತು. ಆದರೂ ಅದು ನಿಜ. 1958ರಲ್ಲಿ ಬಂದ ‘ರಂಬಲ್’ ಎಂಬ ಕೃತಿಗಾಗಿ ಲಿಂಕ್ ರೇ ತನ್ನ ಧ್ವನಿವರ್ಧಕದ ಕಾಗದಕ್ಕೆ ತೂತು ಚುಚ್ಚಿದನು. 1964ರಲ್ಲಿ ಲಂಡನ್ನಿನ ಡೇವ್ ಡೇವೀಸ್ ಒಂದು ಪುಟ್ಟ ವರ್ಧಕದ ಕಾಗದವನ್ನು ಬ್ಲೇಡಿನಿಂದ ಸೀಳಿದನು. ಇಬ್ಬರಿಗೂ ಬೇಕಾದ ಕರ್ಕಶ ನಾದ ದೊರೆಯಿತು. ವಾಚಕರು ಇದನ್ನು ಅನುಕರಿಸಬೇಕಾಗಿಲ್ಲ. ಒಳ್ಳೆಯ 10 ಅಥವಾ 12 ಅಂಗುಲದ ಧ್ವನಿವರ್ಧಕವನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು, ಅದರ ಓಮುಗಳು ಟ್ರಾನ್ಸ್‌ಫಾರ್ಮರಿಗೆ ಹೊಂದುವಂತೆ ನೋಡಿಕೊಂಡು ಸೇರಿಸಿದರೆ 5 ವ್ಯಾಟಿನ ಯಂತ್ರವೂ ಕೋಣೆಯನ್ನು ತುಂಬಬಲ್ಲದು.

ಫಲವನ್ನು ಪರೀಕ್ಷಿಸುವಾಗ ಒಂದು ಎಚ್ಚರ ಬೇಕು. ಎರಡು ನಾದಗಳಲ್ಲಿ ತುಸು ಗಟ್ಟಿಯಾದುದನ್ನೇ ನಮ್ಮ ಕಿವಿ ಉತ್ತಮವೆಂದು ಎಣಿಸಿಬಿಡುವುದು. ವರ್ಧನೆಯನ್ನು ಹೆಚ್ಚಿಸುವ ತಿದ್ದುಪಡಿಗಳೆಲ್ಲ ಮೊದಲ ದಿನ ಮೆಚ್ಚಿಕೆಯಾಗುವುದು ಇದರಿಂದಲೇ. ಆದುದರಿಂದ ತಿದ್ದುಪಡಿಯ ಮೊದಲೂ ಅನಂತರವೂ ಸದ್ದಿನ ಮಟ್ಟವನ್ನು ಒಂದೇ ಆಗಿ ಹೊಂದಿಸಿ, ಅದೇ ಗಿಟಾರನ್ನು ಅದೇ ಕೋಣೆಯಲ್ಲಿ ಇನ್ನೊಬ್ಬರಿಂದ ನುಡಿಸಿ, ಸ್ವಿಚ್ಚು ಯಾವ ಕಡೆಗಿದೆಯೆಂದು ನೋಡದೆ ಕೇಳಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಅದನ್ನು ಒಂದು ವಾರ ನುಡಿಸಿ ನೋಡಿದ ಮೇಲೆ ಇನ್ನೊಂದು. ತೆಗೆದ ರೋಧಕ ಧಾರಕಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಯಂತ್ರದ ಪೆಟ್ಟಿಗೆಯೊಳಗೇ ಇರಿಸಿ, ಯಾವ ದಿನ ಯಾವುದರ ಬದಲಿಗೆ ಯಾವುದನ್ನು ಹಾಕಲಾಯಿತೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಮೈಗೆ ಅಂಟಿಸಿದರೆ, ಮುಂದೆ ಆ ಯಂತ್ರವನ್ನು ತೆರೆಯುವವರಿಗೆ ಬಹಳ ಉಪಕಾರವಾಗುವುದು.